ಗರಸಿನ ದಿಬ್ಬದ ಮೇಲೆ ಎರಡು ವರ್ಷ

ಅಂಪೈರ್ ಒಂದೇ ಓವರಿನಲ್ಲಿ ನಾಲ್ಕನೆಯ ಸಲ ತೋಳು ಚಾಚಿ ನೋ ಬಾಲ್ ಕೊಟ್ಟಾಗ, ಬೌಲರ್ ಚೆಂಡನ್ನು ಪಿಚ್ಚಿನ ಮೇಲೆ ಮೆಲ್ಲಗೆ ಇಟ್ಟು ಮೈದಾನದಿಂದ ಹೊರಗೆ ನಡೆದ. ಜಗಳ ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಸಿಂಧನೂರಿನ ನಮ್ಮ ಕಾಲೇಜಿನಲ್ಲಿ ತರಗತಿಗಳ ನಡುವೆ ನಡೆದಿದ್ದ ಕ್ರಿಕೆಟ್ ಪಂದ್ಯ ಅದು. ನಾನು ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕಿ. ಬೇವಿನ ಗಿಡದ ಕೆಳಗೆ ಕುಳಿತು ಸ್ಕೋರು ಬರೆಯುತ್ತಿದ್ದೆ. ಅವನು ನನ್ನ ಪಕ್ಕದಲ್ಲೇ ಬಂದು ಕುಳಿತು ಬೂಟಿನ ಲೇಸು ಬಿಚ್ಚತೊಡಗಿದ.

"ಏನಾತೋ?" ಎಂದೆ.

"ಥ್ರೋ ಮಾಡ್ತೀನಂತ್ರಿ ಮೇಡಂ. ಕೈ ಮಡಚ್ತೈತಂತ. ಸಣ್ಣಾಂವಿದ್ದಾಗಿಂದ ಹಿಂಗ ಹಾಕ್ತೀನ್ರಿ. ಬ್ಯಾರೆ ಥರ ನಂಗ ಬರಂಗಿಲ್ಲ."

"ನಿಮ್ಮೂರು ಮಸ್ಕ್ಯಾಗ ಯಾರೂ ಹೇಳಿದ್ದಿಲ್ಲೇನು?"

"ಟೆನಿಸ್ ಬಾಲ್ ಆಟದಾಗ ಯಾರು ನೋಡ್ತಾರ್ರಿ? ವಿಕೆಟ್ ಬಿದ್ರ ಆತು."

ಅಂಪೈರ್ ಆಗಿದ್ದ ಇತಿಹಾಸದ ಉಪನ್ಯಾಸಕರದು ತಪ್ಪೇನೂ ಇರಲಿಲ್ಲ. ಹುಡುಗನ ಮೊಣಕೈ ಬರಿಗಣ್ಣಿಗೆ ಕಾಣುವಷ್ಟು ಮಡಚಿ, ಚೆಂಡು ಬಿಡುವಾಗ ಚಟ್ಟನೆ ನೆಟ್ಟಗಾಗುತ್ತಿತ್ತು. ಕ್ರಿಕೆಟ್ಟಿನಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಆ ಕೈಯಿಂದ ಹೊರಟ ಚೆಂಡಿನ ವೇಗವನ್ನು ನಾನು ಹದಿನಾಲ್ಕು ವರ್ಷಗಳ ನೌಕರಿಯಲ್ಲಿ ಯಾವ ವಿದ್ಯಾರ್ಥಿಯಲ್ಲೂ ಕಂಡಿರಲಿಲ್ಲ. ವಿಕೆಟ್ ಕೀಪರ್ ಪ್ರತಿ ಚೆಂಡಿಗೂ ಗ್ಲೌಸು ತೆಗೆದು ಅಂಗೈ ಊದಿಕೊಳ್ಳುತ್ತಿದ್ದ.

ಕ್ರೀಡಾ ಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಕಡಿಮೆ ಜನ ಆಡುವ ಆಟವೊಂದರ ತಂಡವನ್ನು ಪ್ರತಿ ಕಾಲೇಜೂ ಕಟ್ಟಬೇಕೆಂದು ವಿಶ್ವವಿದ್ಯಾಲಯ ಹೇಳಿದ್ದರಿಂದ, ಹಿಂದಿನ ವರ್ಷ ಬೇಸ್‌ಬಾಲ್ ಸಾಮಾನು ತರಿಸಿದ್ದೆವು. ಒಂಬತ್ತು ಗ್ಲೌಸು, ಎರಡು ಬ್ಯಾಟು, ಕ್ಯಾಚರ್‌ನ ಮುಖಕವಚ, ಎರಡು ಡಜನ್ ಚೆಂಡು. ಯಾರೂ ಮುಟ್ಟಿರಲಿಲ್ಲ. ನಾನು ವಿದ್ಯಾರ್ಥಿನಿಯಾಗಿದ್ದಾಗ ಸಾಫ್ಟ್‌ಬಾಲ್ ಆಡಿದ್ದೆ, ಹತ್ತು ದಿನದ ಬೇಸ್‌ಬಾಲ್ ತರಬೇತಿ ಶಿಬಿರಕ್ಕೂ ಹೋಗಿದ್ದೆ. ನನ್ನ ವಿದ್ಯೆ ಅಷ್ಟೇ.

ಪಂದ್ಯ ಮುಗಿದ ಮೇಲೆ ಟ್ರಂಕು ತೆಗೆದು ಒಂದು ಚೆಂಡನ್ನು ಅವನ ಕೈಗೆ ಕೊಟ್ಟೆ. ಕೆಂಪು ಹೊಲಿಗೆಯ ಬಿಳಿ ಚೆಂಡನ್ನು ಅವನು ತಿರುಗಿಸಿ ತಿರುಗಿಸಿ ನೋಡಿದ.

"ಈ ಆಟದಾಗ ಕೈ ಮಡಚಲಿಕ್ಕೇ ಬೇಕು. ನೆಟ್ಟಗಿಟ್ಟು ಹಾಕಿದ್ರ ಬರಂಗೇ ಇಲ್ಲ," ಎಂದೆ.

"ಸುಮ್ಕ ಸಮಾಧಾನ ಮಾಡಾಕತ್ತೀರೇನ್ರಿ ಮೇಡಂ?"

"ಎಸಿ. ಆ ಗ್ವಾಡಿಗೆ."

ಎಸೆದ. ಕ್ರೀಡಾ ಕೋಣೆಯ ಹಿಂದಿನ ಗೋಡೆಯ ಸುಣ್ಣ ಉದುರಿ, ಚೆಂಡು ತಿರುಗಿ ಅವನ ಕಾಲ ಬುಡಕ್ಕೇ ಬಂತು. ಅವನು ನಕ್ಕದ್ದನ್ನು ಆ ದಿನ ಮೊದಲ ಸಲ ನೋಡಿದೆ.

ಅವನನ್ನು ಇನ್ನು ಮುಂದೆ ಪಿಚರ್ ಎನ್ನುತ್ತೇನೆ. ಆ ಆಟದಲ್ಲಿ ಚೆಂಡು ಎಸೆಯುವವನಿಗೆ ಅದೇ ಹೆಸರು. ಮಸ್ಕಿಯಲ್ಲಿ ಅವನ ತಂದೆಗೆ ಗಾದಿ ಅಂಗಡಿ ಇತ್ತು. ಹತ್ತಿ ಹಿಂಜುವ ಯಂತ್ರ, ಹೊಲಿಗೆ, ಹಳ್ಳಿಗಳಿಗೆ ಹೋಗಿ ಮಾರಾಟ, ಎಲ್ಲ ಮನೆಯವರದೇ. ಚೆಂಡು ಹಿಡಿಯುವ ಕ್ಯಾಚರ್ ಆಗಿ ಸಿಕ್ಕವನು ಅಂದು ವಿಕೆಟ್ ಹಿಂದೆ ನಿಂತು ಅಂಗೈ ಊದಿಕೊಳ್ಳುತ್ತಿದ್ದ ಹುಡುಗನೇ. ನಿರಾಶ್ರಿತರಾಗಿ ಬಂದವರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಳಿ ಮನೆತನದವನು. ಮನೆಯಲ್ಲಿ ಬಂಗಾಳಿ, ಹೊರಗೆ ನಮ್ಮೆಲ್ಲರಿಗಿಂತ ಗಟ್ಟಿ ಸಿಂಧನೂರು ಕನ್ನಡ. ನಾಟಿಯ ಹಂಗಾಮಿನಲ್ಲಿ ದಿನಗಟ್ಟಲೆ ಬಗ್ಗಿ ಕೆಲಸ ಮಾಡಿದ ಮೈ. ಕುಕ್ಕರುಗಾಲಿನಲ್ಲಿ ಎರಡು ತಾಸು ಕುಳಿತರೂ ದಣಿಯುತ್ತಿರಲಿಲ್ಲ.

ಮೊದಲು ದಿಬ್ಬ ಆಗಬೇಕಿತ್ತು. ಪಿಚರ್ ನಿಲ್ಲುವ ಜಾಗ ಮೈದಾನಕ್ಕಿಂತ ಹತ್ತು ಇಂಚು ಎತ್ತರ ಇರಬೇಕು, ಮುಂದಕ್ಕೆ ನಿಧಾನವಾಗಿ ಇಳಿಜಾರಾಗಬೇಕು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆಯಲ್ಲಿ ಬೂಟು ಬಿಡದ ರಾಡಿ. ಪ್ರಾಂಶುಪಾಲರನ್ನು ಕೇಳಿ ಒಂದು ಟ್ರ್ಯಾಕ್ಟರ್ ಗರಸು, ಅಂದರೆ ಸಣ್ಣ ಹರಳಿನ ಗಟ್ಟಿ ಮಣ್ಣು, ಹಾಕಿಸಿದೆವು. ನೀರು ಹೊಡೆದು, ದಮ್ಮಸು ಹಾಕಿ, ಪಟ್ಟಿ ಹಿಡಿದು ಅಳೆದು, ಎರಡು ಸಲ ಕೆಡವಿ ಮತ್ತೆ ಕಟ್ಟಿದೆವು. ಕಾಲು ಊರುವ ರಬ್ಬರು ಪಟ್ಟಿ ಟ್ರಂಕಿನಲ್ಲಿ ಇರಲಿಲ್ಲ. ಕ್ಯಾಚರ್‌ನ ಅಣ್ಣ ಕೆಲಸ ಮಾಡುವ ರೈಸ್ ಮಿಲ್ಲಿನಿಂದ ಸವೆದ ಬೆಲ್ಟು ತಂದು ಎರಡಡಿ ಉದ್ದಕ್ಕೆ ಕತ್ತರಿಸಿ ಮೊಳೆ ಹೊಡೆದೆವು. ಅದೇ ಬೆಲ್ಟಿನಲ್ಲಿ ಹದಿನೇಳು ಇಂಚು ಅಗಲದ ಐದು ಮೂಲೆಯ ಫಲಕವನ್ನೂ ಕತ್ತರಿಸಿ, ಅರವತ್ತು ಅಡಿ ಆರು ಇಂಚು ದೂರದಲ್ಲಿ ಹುಗಿದೆವು. ಚೆಂಡು ಆ ಫಲಕದ ಮೇಲೆ, ಬಡಿಯುವವನ ಮೊಣಕಾಲಿನಿಂದ ಎದೆಯ ನಡುವಿನವರೆಗಿನ ಎತ್ತರದಲ್ಲಿ ಹಾಯಬೇಕು. ಹಾಗೆ ಹಾಯ್ದರೆ ಸ್ಟ್ರೈಕ್. ಮೂರು ಸ್ಟ್ರೈಕಿಗೆ ಬಡಿಯುವವನು ಔಟು. ನಾಲ್ಕು ಸಲ ಗುರಿ ತಪ್ಪಿದರೆ ಅವನು ಬ್ಯಾಟು ಬೀಸದೆಯೇ ಮೊದಲ ಬೇಸಿಗೆ, ಅಂದರೆ ಓಟದ ಮೊದಲ ಗುರುತಿಗೆ, ನಡೆದು ಹೋಗುತ್ತಾನೆ. ಮೂರು ಬೇಸು ಸುತ್ತಿ ಮರಳಿ ಫಲಕ ಮುಟ್ಟಿದರೆ ಒಂದು ರನ್ನು. ಸ್ಟ್ರೈಕಿನ ಆ ಕಾಣದ ಚೌಕಟ್ಟು ಕಾಣಲೆಂದು ಎರಡು ಬಿದಿರು ನೆಟ್ಟು, ಮೇಲೊಂದು ಕೆಳಗೊಂದು ಹಗ್ಗ ಕಟ್ಟಿದೆವು.

ಮೊದಲ ದಿನ ಮೂವತ್ತು ಚೆಂಡಿನಲ್ಲಿ ಹಗ್ಗಗಳ ನಡುವೆ ಹಾಯ್ದವು ಏಳು.

ಓಡಿ ಬಂದು ಹಾಕಿ ರೂಢಿಯಿದ್ದವನಿಗೆ ನಿಂತಲ್ಲಿಂದ ಎಸೆಯುವುದು ಗೊತ್ತಿರಲಿಲ್ಲ. ಎಡಗಾಲು ಎತ್ತಿ, ಒಂದು ಕ್ಷಣ ಬಲಗಾಲಿನ ಮೇಲೆ ತೂಗಿ, ಮುಂದಕ್ಕೆ ಉದ್ದ ಹೆಜ್ಜೆ ಇಟ್ಟು, ಮೊದಲು ಸೊಂಟ, ಆಮೇಲೆ ಭುಜ, ಕೊನೆಗೆ ಕೈ. ಈ ಸರದಿ ತಪ್ಪಿದರೆ ಬಲವೆಲ್ಲ ಮೊಣಕೈ ಮೇಲೆ ಬೀಳುತ್ತದೆ. ಸುಣ್ಣದಲ್ಲಿ ಗೆರೆ ಎಳೆದು ಹೆಜ್ಜೆ ಅದರ ಮೇಲೇ ಬೀಳಬೇಕೆಂದು ಹೇಳಿದೆ. ಒಂದು ತಿಂಗಳು ಚೆಂಡಿಗಿಂತ ಹೆಚ್ಚು ಆ ಗೆರೆಯನ್ನೇ ನೋಡಿದೆವು. ನನ್ನ ಮನೆಯಿದ್ದ ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ನಾನು ಫೋನಿನಲ್ಲಿ ಪಾಠದ ವಿಡಿಯೋ ನೋಡುತ್ತಿದ್ದೆ. ಮಸ್ಕಿಯಲ್ಲಿ ಅವನು ಹತ್ತುತ್ತಿದ್ದ. ಉಳಿದ ದಾರಿಯಲ್ಲಿ ಇಬ್ಬರೂ ಒಂದೇ ಫೋನು ನೋಡುತ್ತಿದ್ದೆವು. ಕಂಡಕ್ಟರ್ ಒಂದು ದಿನ, "ಮೇಡಂರಿ, ಈ ಕ್ರಿಕೆಟ್ಟಿನಾಗ ಯಾರೂ ಔಟ್ ಆಗೂದೇ ಕಾಣವಲ್ದಲ್ರಿ," ಎಂದ.

ದೀಪಾವಳಿ ಹೊತ್ತಿಗೆ ಮೂವತ್ತಕ್ಕೆ ಹದಿನೆಂಟು ಬರತೊಡಗಿದವು. ಅಷ್ಟು ಸಾಕೆಂದು ನಾನು ತಿಳಿದೆ. ಅದು ನನ್ನ ಮೊದಲ ತಪ್ಪು.

ಅಂತರ ಕಾಲೇಜು ಪಂದ್ಯ ರಾಯಚೂರಿನಲ್ಲಿತ್ತು. ಮೊದಲ ಎರಡು ಇನ್ನಿಂಗ್ಸು ಚೆನ್ನಾಗಿಯೇ ಹೋದವು. ಮೂರನೆಯದರಲ್ಲಿ ಚೆಂಡೊಂದು ಒಳಕ್ಕೆ ನುಗ್ಗಿ ಬಡಿಯುವವನ ಪಕ್ಕೆಲುಬಿಗೆ ಬಿತ್ತು. ಆ ಸಪ್ಪಳ ನಾನು ಕುಳಿತಲ್ಲಿಗೆ ಕೇಳಿತು. ಅವನು ಮೊಣಕಾಲೂರಿ ಕುಳಿತುಬಿಟ್ಟ. ಉಸಿರು ಹಿಡಿದು ಬಾಯಿ ತೆರೆದರೂ ದನಿ ಬರಲಿಲ್ಲ. ಐದು ನಿಮಿಷದ ನಂತರ ಎದ್ದು ನಡೆದ, ಎಲುಬಿಗೆ ಏನೂ ಆಗಿರಲಿಲ್ಲ. ಆದರೆ ನಮ್ಮ ಪಿಚರ್ ಆ ಐದು ನಿಮಿಷ ದಿಬ್ಬದ ಮೇಲೆ ನಿಂತಲ್ಲೇ ನಿಂತಿದ್ದ. ಆಮೇಲೆ ಅವನು ಹಾಕಿದ ಹನ್ನೆರಡು ಚೆಂಡೂ ಫಲಕದಿಂದ ಮೊಳ ದೂರ, ಹೊರಗೆ. ಮೂವರು ಬ್ಯಾಟು ಬೀಸದೆ ನಡೆದು ಹೋದರು. ಅವನನ್ನು ಇಳಿಸಿ ಬೇರೆಯವನನ್ನು ನಿಲ್ಲಿಸಿದೆ. ಹದಿನಾಲ್ಕು ರನ್ನು ಕೊಟ್ಟು ಸೋತೆವು.

ಮರುದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ. ತರಗತಿಗೆ ಬಂದು, ಮುಗಿದ ಕೂಡಲೇ ಬಸ್ಸು ಹಿಡಿಯುತ್ತಿದ್ದ. ಮೂರು ವಾರ ಕಾದೆ. ಆಮೇಲೆ ಒಂದು ಸಂಜೆ ಲಿಂಗಸುಗೂರಿಗೆ ಹೋಗುವ ಬಸ್ಸಿನಿಂದ ಮಸ್ಕಿಯಲ್ಲೇ ಇಳಿದು ಅವನ ತಂದೆಯ ಅಂಗಡಿಗೆ ಹೋದೆ.

ಗಾದಿಗಳ ರಾಶಿಯ ನಡುವೆ ತಂದೆ ಉದ್ದ ಸೂಜಿ ಹಿಡಿದು ಕುಳಿತಿದ್ದರು. ಗಡ್ಡ, ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ಮಗನ ಆಟದ ಬಗ್ಗೆ ತಕರಾರು ಮಾಡುತ್ತಾರೆಂದು ನಾನು ಮಾತು ಸಿದ್ಧಪಡಿಸಿಕೊಂಡು ಹೋಗಿದ್ದೆ.

"ಬರ್ರಿ ಮೇಡಂ, ಕುಂದರ್ರಿ," ಎಂದು ಒಂದು ಹೊಸ ಗಾದಿಯ ಮೇಲೆ ಕೂರಿಸಿದರು. "ಅಂವ ಚೆಂಡು ಎಸದ್ರ ನನ್ದೇನೂ ತಕರಾರಿಲ್ರಿ. ಮನ್ಯಾಗ ಮಾತಾಡವಲ್ಲ, ಅದೇ ನನ್ನ ತಕರಾರು. ರಾಯಚೂರಿಂದ ಬಂದಾಗಿಂದ ಬಾಯಿಗೆ ಬೀಗ ಹಾಕ್ಯಾನ. ಅವರ ಅಮ್ಮೀನೂ ಕೇಳಿ ಕೇಳಿ ಸಾಕಾಗ್ಯಾಳ. ಏನಾಗೇತ್ರಿ ಅಲ್ಲಿ?"

ಹೇಳಿದೆ. ಅವರು ಸೂಜಿಯನ್ನು ಗಾದಿಗೆ ಚುಚ್ಚಿಟ್ಟು, ಒಳಗೆ ಕೆಲಸ ಮಾಡುತ್ತಿದ್ದ ಮಗನನ್ನು ಕರೆದರು. ಅವನು ಬಂದು ತಲೆ ತಗ್ಗಿಸಿ ನಿಂತ.

"ಆ ಹುಡುಗಗ ಏನೂ ಆಗಿಲ್ಲಪ್ಪಾ. ಅವರ ಕೋಚ್‌ಗೆ ಫೋನ್ ಮಾಡಿದ್ದೆ," ಎಂದೆ.

"ಗೊತ್ತೈತ್ರಿ. ನಾನೂ ಅವ್ಗ ಫೋನ್ ಹಚ್ಚಿದ್ದೆ."

"ಮತ್ತ?"

"ದಿಬ್ಬದ ಮ್ಯಾಲ ನಿಂತ್ರ ಅವನ ಬಾಯಿ ಕಾಣ್ತದ್ರಿ ಮೇಡಂ. ತೆರದದ್ದು. ಮುಂದ ಯಾರ ನಿಂತ್ರೂ ಅದ ಕಾಣ್ತದ. ಹಗ್ಗಕ್ಕ ಬೇಕಾದಷ್ಟು ಹಾಕ್ತೀನ್ರಿ. ಮನಿಷಾ ನಿಂತ್ರ ಕೈ ಬರವಲ್ದು."

ಆಗ ನನಗೆ ಹೊಳೆಯಿತು. ನಾಲ್ಕು ತಿಂಗಳು ನಾವು ಬಿದಿರು ಹಗ್ಗಗಳಿಗೆ ಎಸೆಯುವುದನ್ನು ಕಲಿಸಿದ್ದೆವು. ಬಡಿಯುವ ಜಾಗದಲ್ಲಿ ಒಬ್ಬ ಮನುಷ್ಯನನ್ನು ಒಂದು ದಿನವೂ ನಿಲ್ಲಿಸಿರಲಿಲ್ಲ. ತಂಡದ ಯಾವ ಹುಡುಗನೂ ಅವನ ಚೆಂಡಿನ ಮುಂದೆ ನಿಲ್ಲಲು ಒಪ್ಪಿರಲಿಲ್ಲ, ನಾನೂ ಒತ್ತಾಯ ಮಾಡಿರಲಿಲ್ಲ. ರಾಯಚೂರಿನ ಆ ಆಟಗಾರ ನಮ್ಮ ಪಿಚರ್‌ನ ಮುಂದೆ ನಿಂತ ಹತ್ತನೆಯ ಮನುಷ್ಯನೋ ಹನ್ನೊಂದನೆಯವನೋ ಇರಬೇಕು.

"ಸೋಮವಾರ ಬಾ," ಎಂದೆ. "ನಾನೇ ನಿಲ್ತೀನಿ."

ತಂದೆ ನನ್ನನ್ನೂ ಮಗನನ್ನೂ ನೋಡಿದರು. "ನಿಮ್ಮ ಮನ್ಯಾಗ ಕೇಳೀರೇನ್ರಿ?" ಎಂದರು. ಮೂವರೂ ನಕ್ಕೆವು. ಎದ್ದು ಹೊರಟಾಗ, ಬೇಡವೆಂದರೂ ಕೇಳದೆ, ಹಳೆಯ ದಪ್ಪ ಗಾದಿಯೊಂದನ್ನು ಮಗನ ಹೆಗಲ ಮೇಲೆ ಹೊರಿಸಿ ಬಸ್ ನಿಲ್ದಾಣಕ್ಕೆ ಕಳಿಸಿದರು. ಚೆಂಡು ತಪ್ಪಿದರೆ ತಡೆಯಲು ಅದನ್ನು ಕ್ಯಾಚರ್‌ನ ಹಿಂದೆ ತೂಗುಹಾಕಬೇಕಂತೆ. ಅಂಥದೇ ಇನ್ನೊಂದು ಅವರ ಮನೆಯ ಹಿತ್ತಲಿನ ಗೋಡೆಗೂ ಬಂತೆಂದು ಆಗ ನನಗೆ ಗೊತ್ತಾಗಲಿಲ್ಲ.

ನನಗಾಗ ನಲವತ್ಮೂರು. ಕ್ರಿಕೆಟ್ಟಿನ ಹೆಲ್ಮೆಟ್ಟು, ತೊಡೆಯ ಪ್ಯಾಡು, ಎದೆಗೆ ಕ್ಯಾಚರ್‌ನ ಹಳೆಯ ಕವಚ. ಪ್ರಾಂಶುಪಾಲರು ವರಾಂಡದಿಂದ ಕೂಗಿದರು: "ಮೇಡಂ, ನಿಮಗೇನರ ಆದ್ರ ಮ್ಯಾಲಿನೋರಿಗೆ ನಾ ಏನಂತ ಬರೀಲಿ?"

"ಕರ್ತವ್ಯದ ಮ್ಯಾಲ ಇದ್ಲು ಅಂತ ಬರೀರಿ ಸರ್," ಎಂದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದು ಫಲಕದ ಪಕ್ಕ ನಿಂತೆ.

ಆ ಚೆಂಡು ಬರುವುದನ್ನು ಎದುರಿನಿಂದ ನೋಡಿದಾಗಲೇ ನನಗೆ ಅದರ ನಿಜ ಗೊತ್ತಾದದ್ದು. ದಿಬ್ಬದ ಪಕ್ಕ ನಿಂತಾಗ ಅದು ವೇಗ; ಇಲ್ಲಿ ಅದು ಭಯ. ಮೊದಲ ವಾರ ಅವನು ಒಂದನ್ನೂ ನನ್ನ ಹತ್ತಿರ ಹಾಕಲಿಲ್ಲ. ಕ್ಯಾಚರ್ ಬದಿಗೆ ಹಾರಿ ಹಾರಿ ದಣಿದು, "ಲೇ ದೋಸ್ತ, ಮೇಡಂ ಅಲ್ಲಿ ನಿಂತಾರ, ನೀ ತುರ್ವಿಹಾಳಕ್ಕ ಎಸ್ಯಾಕತ್ತೀಯಲ್ಲೋ!" ಎಂದು ರೇಗಿದ. ಎರಡನೆಯ ವಾರ ಚೆಂಡು ಒಳಗೆ ಬರತೊಡಗಿತು. ಒಂದು ದಿನ ನನ್ನ ಎಡ ಮುಂಗೈಗೆ ಬಿತ್ತು. ಕಣ್ಣಲ್ಲಿ ನೀರು ಬಂತು. ಹೆಲ್ಮೆಟ್ಟಿನ ಜಾಲರಿ ಇದ್ದದ್ದು ಒಳ್ಳೆಯದಾಯಿತು. ಅವನು ದಿಬ್ಬದಿಂದ ಇಳಿದು ಓಡಿ ಬರುತ್ತಿದ್ದ.

"ಅಲ್ಲೇ ನಿಲ್ಲು," ಎಂದೆ. "ಇನ್ನೊಂದು ಹಾಕು. ಅದೇ ಜಾಗಕ್ಕ."

"ಬ್ಯಾಡ್ರಿ ಮೇಡಂ..."

"ನೋಡು, ಬಾಯಿ ಮುಚ್ಚೀನಿ. ನಿಂತೀನಿ. ಹಾಕು."

ಹಾಕಿದ. ಚೆಂಡು ನನ್ನ ಮೊಣಕಾಲ ಮೇಲಿನ ಎತ್ತರಕ್ಕೆ, ಫಲಕದ ನನ್ನ ಕಡೆಯ ಒಳ ಅಂಚಿನ ಮೇಲೆ ಹಾಯ್ದು ಕ್ಯಾಚರ್‌ನ ಗ್ಲೌಸಿಗೆ ಹೋಯಿತು. ಆ ಸಂಜೆ ಮನೆಯವರು ನನ್ನ ಕೈಯ ನೀಲಿ ಕಲೆ ನೋಡಿ, "ಯಾರ ಜೋಡಿ ಬಡದಾಡಿ ಬಂದಿ?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ತಾವೇ ಐಸು ತಂದರು.

ಅಲ್ಲಿ ನಿಂತದ್ದರಿಂದ ಇನ್ನೊಂದು ಲಾಭವಾಯಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಅವನ ಮುಖ ನನಗೆ ನೇರವಾಗಿ ಕಾಣುತ್ತಿತ್ತು. ಒಳ ಅಂಚಿಗೆ ಹಾಕುವಾಗ ಮಾತ್ರ, ಚೆಂಡು ಬಿಡುವ ಮೊದಲೇ ಅವನು ಗದ್ದವನ್ನು ಎಡಕ್ಕೆ ತಿರುಗಿಸುತ್ತಿದ್ದ. ನೋಡಬಾರದ್ದನ್ನು ನೋಡದೆ ಇರುವವರ ಹಾಗೆ. ಮುಖ ತಿರುಗಿದ ಹಿಂದೆಯೇ ಎಡ ಭುಜವೂ ಬೇಗ ತೆರೆದುಕೊಳ್ಳುತ್ತಿತ್ತು, ಕೈ ಹಿಂದೆ ಉಳಿಯುತ್ತಿತ್ತು. ಹಾಗಾದಾಗ ಚೆಂಡು ಮೇಲೆದ್ದು ಬಡಿಯುವವನ ಮೈಮೇಲೇ ಹೋಗುತ್ತದೆ. ಪಕ್ಕೆಲುಬಿಗೆ ಬಿದ್ದ ಚೆಂಡಿನ ಕಾರಣ ಅದೇ. ಪೆಟ್ಟು ಬೀಳಬಾರದೆಂದು ಮುಖ ತಿರುಗಿಸುವುದರಿಂದಲೇ ಪೆಟ್ಟು ಬೀಳುತ್ತಿತ್ತು.

ಇದನ್ನು ಹೇಳಿದಾಗ ಅವನು, "ಅಂದ್ರ, ನೋಡಿದ್ರ ಬಡಿಯಂಗಿಲ್ಲಂತೀರಿ," ಎಂದ.

"ಪೂರ್ತಿ ನೋಡಿದ್ರ ಕಡಿಮಿ ಬಡೀತದ."

ಮಡಚಿದ ದಿನಪತ್ರಿಕೆಯನ್ನು ಅವನ ಎಡ ಕಂಕುಳಲ್ಲಿ ಇಟ್ಟೆವು. ಮುಂದಿನ ಕಾಲು ನೆಲ ಮುಟ್ಟುವ ತನಕ ಅದು ಬೀಳಬಾರದು. ಮೊದಲ ದಿನ ಪತ್ರಿಕೆ ಗಾಳಿಗೆ ಹಾರಿ ಮೈದಾನವೆಲ್ಲ ಹರಡಿತು. ಒಂದು ತಿಂಗಳಲ್ಲಿ ಮೂವತ್ತಕ್ಕೆ ಇಪ್ಪತ್ತೆರಡು, ಮನುಷ್ಯರು ನಿಂತಾಗಲೂ. ನನ್ನನ್ನು ನೋಡಿ ನಾಚಿಕೊಂಡು ತಂಡದ ಹುಡುಗರೂ ಒಬ್ಬೊಬ್ಬರಾಗಿ ಹೆಲ್ಮೆಟ್ಟು ಹಾಕಿಕೊಂಡು ನಿಲ್ಲತೊಡಗಿದರು.

ಎರಡನೆಯ ವರ್ಷದ ಪಂದ್ಯಕ್ಕೆ ಹತ್ತು ವಾರ ಇದ್ದಾಗ ಅವನ ತಂದೆಯ ಫೋನು ಬಂತು.

"ಮೇಡಂ, ನಿಮಗೊಂದು ಮಾತು ಹೇಳಬೇಕಿತ್ರಿ. ಹುಡುಗ ಎಡಗೈಲೆ ಊಟ ಮಾಡಾಕತ್ತಾನ."

ಅವರ ಮನೆಯಲ್ಲಿ ಎಡಗೈಲೆ ಯಾರೂ ತುತ್ತು ಮುಟ್ಟುವವರಲ್ಲ. ಬೈದರೂ, ಬಲಗೈ ಮೇಲೆತ್ತಲು ಬಾರದೆ ಎಡಗೈ ಹಾಕಿದ್ದನಂತೆ. ಹಿತ್ತಲಿನ ಗೋಡೆಗೆ ಗಾದಿ ಕಟ್ಟಿ ದಿನಾ ಸಂಜೆ ಕತ್ತಲಾಗುವವರೆಗೆ ಧಪ್ ಧಪ್ ಎಂದು ಚೆಂಡು ಎಸೆಯುತ್ತಿದ್ದನೆಂದೂ ಆಗಲೇ ತಿಳಿಯಿತು. ಮೈದಾನದಲ್ಲಿ ನಾನು ಎಂಬತ್ತಕ್ಕೆ ನಿಲ್ಲಿಸುತ್ತಿದ್ದೆ. ಮನೆಯಲ್ಲಿ ಮತ್ತೆ ಇನ್ನೂರು. ನಾನು ಒಂದು ದಿನವೂ, "ಮನ್ಯಾಗ ಏನು ಮಾಡ್ತಿ?" ಎಂದು ಕೇಳಿರಲಿಲ್ಲ. ಇದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಲಿಂಗಸುಗೂರಿನ ಮೂಳೆ ಡಾಕ್ಟರು ಮೊಣಕೈಯ ಒಳಬದಿಯನ್ನು ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ಎಲುಬು ಹಿಡಿದಿಡುವ ನಾರು ಹರಿದಿಲ್ಲ, ಊದಿದೆ ಎಂದರು. "ಇನ್ನ ಹದಿನೈದು ದಿನ ಹಿಂಗ ಎಸದಿದ್ರ ನಾ ಬ್ಯಾರೆ ಮಾತು ಹೇಳ್ತಿದ್ದೆ. ಒಂದು ತಿಂಗಳು ಚೆಂಡು ಮುಟ್ಟಬ್ಯಾಡ. ಆಮ್ಯಾಲ ಪಂದ್ಯಕ್ಕ ಎಂಬತ್ತರ ಮ್ಯಾಲ ಒಂದೂ ಬ್ಯಾಡ." ಅವನು ನನ್ನ ಜೊತೆ ಬಸ್ ನಿಲ್ದಾಣದ ತನಕ ನಡೆದು ಬಂದ. ಆಮೇಲೆ, "ಎಂಬತ್ತರಾಗ ಪಂದ್ಯ ಮುಗ್ಯಂಗಿಲ್ರಿ ಮೇಡಂ," ಎಂದ.

"ಮುಗ್ಯಂಗಿಲ್ಲ. ಆದ್ರ ನಿನ್ನ ಕೈನೂ ಮುಗದು ಹೋಗಂಗಿಲ್ಲ."

ಆ ತಿಂಗಳು ಅವನು ಕ್ಯಾಚರ್‌ನ ಹಿಂದೆ ಕುಳಿತು ಬೇರೆಯವರ ಚೆಂಡು ಎಣಿಸಿದ. ಆಮೇಲೆ ಹತ್ತು ಹೆಜ್ಜೆ ದೂರದಿಂದ ಇಪ್ಪತ್ತು ಚೆಂಡು, ಮುಂದಿನ ವಾರ ಇಪ್ಪತ್ತು ಹೆಜ್ಜೆ, ಹೀಗೆ ದಿಬ್ಬಕ್ಕೆ ಮರಳಿದ. ಪ್ರತಿ ಎಸೆತವನ್ನೂ ಕ್ಯಾಚರ್ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿಟ್ಟ. ಹಿತ್ತಲಿನ ಗಾದಿಯನ್ನು ತಂದೆ ಬಿಚ್ಚಿ, ಒಗೆಸಿ, ಮತ್ತೆ ಹತ್ತಿ ತುಂಬಿ ಮಾರಿದರು.

ಆ ವರ್ಷ ನಾವು ಸೆಮಿಫೈನಲ್ ತಲುಪಿದೆವು. ವಿಶ್ವವಿದ್ಯಾಲಯ ತಂಡದ ಆಯ್ಕೆದಾರರು ಅಂದೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಏಳು ಇನ್ನಿಂಗ್ಸಿನ ಪಂದ್ಯ. ಕೊನೆಯದರಲ್ಲಿ ನಾವು ಮೂರು ರನ್ನು, ಅವರು ಎರಡು. ಇಬ್ಬರು ಔಟು. ಎದುರಾಳಿಗಳಿಬ್ಬರು ಎರಡನೆಯ, ಮೂರನೆಯ ಬೇಸುಗಳಲ್ಲಿ ಕಾಯುತ್ತಿದ್ದರು. ಇನ್ನೊಬ್ಬ ಔಟಾದರೆ ಫೈನಲ್. ನನ್ನ ತೊಡೆಯ ಮೇಲಿನ ಹಾಳೆಯಲ್ಲಿ ಎಂಬತ್ತನೆಯ ಗೆರೆ ಬಿದ್ದಿತ್ತು.

ಎದ್ದು ದಿಬ್ಬದತ್ತ ನಡೆದೆ. ಕ್ಯಾಚರ್ ಕೂಡ ಮುಖಕವಚ ಎತ್ತಿಕೊಂಡು ಬಂದ.

"ಒಬ್ಬಾಂವ ಉಳದಾನ್ರಿ ಮೇಡಂ," ಪಿಚರ್ ಹೇಳಿದ. "ನಾಕ ಚೆಂಡು. ಹೆಚ್ಚಿಗಿ ಅಂದ್ರ ಐದು."

"ಎಂಬತ್ತಾತು."

"ಕೈ ನೋಯವಲ್ದ್ರಿ. ನಿಮ್ಮಾಣಿ."

"ಕೊನೀ ಮೂರು ಚೆಂಡು ಮ್ಯಾಲ ಹೋದ್ವು. ಹೌದೋ ಅಲ್ಲೋ?" ಕ್ಯಾಚರ್‌ನ ಕಡೆ ನೋಡಿದೆ. ಗೆಳೆಯನ ಮುಖ ನೋಡುತ್ತ ಅವನಿಗೆ ಹೇಳುವುದು ಕಷ್ಟವಾಯಿತು. ಆದರೂ ಹೇಳಿದ: "ಹೌದ್ರಿ. ಮೊಣಕೈ ಇಳದೈತಿ."

"ಅವ್ರು ಕುಂತಾರ್ರಿ," ಪಿಚರ್ ಆಯ್ಕೆದಾರರ ಕಡೆ ಕಣ್ಣು ಹೊರಳಿಸಿ ಪಿಸುಗುಟ್ಟಿದ. "ಈಗ ಇಳದ್ರ ನಂದು ಮುಗೀತು."

ಅವನು ಹೇಳಿದ್ದು ನಿಜವಾಗಬಹುದಿತ್ತು. ಇನ್ನೈದು ಚೆಂಡಿಗೆ ಕೈ ಹರಿಯದೆಯೂ ಇರಬಹುದಿತ್ತು. ನಾನು ಅಂಗೈ ಚಾಚಿ ನಿಂತೆ, ಅಷ್ಟೇ. ಅವನು ನನ್ನ ಕೈ ನೋಡಿ, ಚೆಂಡನ್ನು ಅದರಲ್ಲಿಟ್ಟು ಇಳಿದುಹೋದ.

ನಮ್ಮ ಎರಡನೆಯ ಪಿಚರ್, ತುರ್ವಿಹಾಳದ ಹುಡುಗ, ದಿಬ್ಬ ಹತ್ತಿದ. ಧೈರ್ಯವಂತ, ಗುರಿಯೂ ಇತ್ತು, ವೇಗವಿರಲಿಲ್ಲ. ಅವನ ಮೂರನೆಯ ಚೆಂಡು ಬ್ಯಾಟಿನ ನಡುವಿಗೆ ಸಿಕ್ಕಿ ಎಡಗಡೆಯ ಖಾಲಿ ಜಾಗಕ್ಕೆ ಹೋಯಿತು. ಬೇಸುಗಳಲ್ಲಿದ್ದ ಇಬ್ಬರೂ ಓಡಿ ಬಂದು ಫಲಕ ಮುಟ್ಟಿದರು. ನಾಲ್ಕು ಮೂರರಿಂದ ಸೋತೆವು.

ಬಸ್ಸು ಹಿಡಿದು ಮರಳಿದೆವು. ಸಿಂಧನೂರಿನಲ್ಲಿ ಉಳಿದವರು ಇಳಿದ ಮೇಲೆ ಮಸ್ಕಿಯ ದಾರಿಗೆ ನಾವಿಬ್ಬರೇ. ಅವನು ಎರಡು ಸೀಟು ಮುಂದೆ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದ. ಮಸ್ಕಿ ಬಂದಾಗ ಚೀಲ ಎತ್ತಿಕೊಂಡು, ನನ್ನ ಸೀಟಿನ ಹತ್ತಿರ ನಿಂತು, "ನನಗ ನಿಮ್ಮ ಮ್ಯಾಲ ಸಿಟ್ಟು ಬಂದೈತ್ರಿ ಮೇಡಂ," ಎಂದ.

"ಬರ್ಲಿ," ಎಂದೆ.

"ನಾಳೆ ಬೆಳಗಿನ ಬಸ್ಸಿಗೇ ಬರ್ತೀನ್ರಿ," ಎಂದು ಇಳಿದ. ಆ ಹುಡುಗನ ಮೇಲೆ ನನಗೆ ಅಷ್ಟು ಗೌರವ ಎಂದೂ ಬಂದಿರಲಿಲ್ಲ.

ಹದಿನೈದು ದಿನಗಳ ಮೇಲೆ ಪಿಚರ್, ಕ್ಯಾಚರ್ ಇಬ್ಬರಿಗೂ ಆಯ್ಕೆಯ ಶಿಬಿರಕ್ಕೆ ಕರೆ ಬಂತು. ಆಯ್ಕೆದಾರರಲ್ಲಿ ಹಿರಿಯರೊಬ್ಬರು ಫೋನಿನಲ್ಲಿ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದರು: ಅಂದು ಪಿಚರ್‌ನನ್ನು ಯಾಕೆ ಇಳಿಸಿದಿರಿ? ಹೇಳಿದೆ. "ಹಾಗಾದರೆ ಕೈ ಸರಿಯಿದೆ ಎಂದಾಯಿತು, ಕಳಿಸಿ," ಎಂದರು. ಶಿಬಿರದ ಕೊನೆಗೆ ನಾಲ್ವರು ಪಿಚರ್‌ಗಳ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಅವನದು. ತಂಡದಲ್ಲಿ ಕ್ಯಾಚರ್‌ನ ಹೆಸರು ಇರಲಿಲ್ಲ. ಅದನ್ನು ಹೇಳಲು ನಾನೇ ಆರ್.ಎಚ್. ಕ್ಯಾಂಪಿಗೆ ಹೋದೆ. ಅವನು ಗದ್ದೆಯ ಬದುವಿನ ಮೇಲೆ ನಿಂತು ಕೇಳಿ, ತನ್ನ ಬಾತ ಎಡ ಅಂಗೈ ನೋಡಿಕೊಂಡು ನಕ್ಕ. "ಎರಡು ವರ್ಷ ಅವನ ಚೆಂಡು ಹಿಡದೀನ್ರಿ. ಇನ್ನ ಬ್ಯಾರೆದೋರು ಹಿಡೀಲಿ, ಗೊತ್ತಾಗ್ಲಿ ಅವರಿಗೂ." ಆಮೇಲೆ ನೋಟ್‌ಬುಕ್ಕನ್ನು ತಂದು ಕೊಟ್ಟ. "ಇದನ್ನ ಅಲ್ಲಿನ ಕೋಚ್‌ಗೆ ತೋರಸಾಕ ಹೇಳ್ರಿ. ವಾರದಾಗ ಎಷ್ಟು ಹಾಕ್ಯಾನ, ಎಲ್ಲಾ ಐತಿ." ಬಸ್ಸಿನಲ್ಲಿ ಆ ಗೆರೆಗಳನ್ನು ನೋಡುತ್ತ ನನಗೆ ಕಣ್ಣು ಮಂಜಾಯಿತು. ಯಾರೂ ಚಪ್ಪಾಳೆ ತಟ್ಟದ ಕೆಲಸವನ್ನು ಇಷ್ಟು ನಿಷ್ಠೆಯಿಂದ ಮಾಡಿದ ವಿದ್ಯಾರ್ಥಿ ನನಗೆ ಇನ್ನೊಬ್ಬ ಸಿಕ್ಕಿಲ್ಲ.

ನನ್ನ ನೌಕರಿಯ ಬಹುಪಾಲು ಮೈದಾನಕ್ಕೆ ಸುಣ್ಣ ಹಾಕಿಸುವುದರಲ್ಲಿ, ಚುನಾವಣೆ ಕೆಲಸದಲ್ಲಿ, ಬಹುಮಾನದ ಪಟ್ಟಿ ಬರೆಯುವುದರಲ್ಲಿ ಕಳೆದಿದೆ. ಕಲಿಸುವುದೆಂದರೇನು ಎಂದು ನನಗೆ ನೆನಪಿಸಿದವರು ಈ ಇಬ್ಬರು ಹುಡುಗರು ಮತ್ತು ಎಡಗೈಯ ತುತ್ತನ್ನು ಗಮನಿಸಿದ ಆ ತಂದೆ. ನಾನು ಅವರಿಗೆ ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು. ಇದನ್ನು ಅವರೆದುರು ಹೇಳಲು ನಾಲಿಗೆ ಏಳಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಂತರ ವಿಶ್ವವಿದ್ಯಾಲಯ ಪಂದ್ಯ ದೂರದ ಊರಿನಲ್ಲಿತ್ತು. ನನಗೆ ಹೋಗಲಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಲಿಂಗಸುಗೂರಿನ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುತ್ತಿದ್ದಾಗ ಫೋನು ಬಂತು.

"ಮೇಡಂ, ಇವತ್ತ ಹಾಕಿದ್ನಿರಿ! ನಾಕು ಇನ್ನಿಂಗ್ಸು. ಒಂದ ರನ್ನು ಕೊಟ್ಟೀನಿ."

"ಚಲೋ ಆತು! ಮತ್ತ ಮುಂದ? ಪೂರ್ತಿ ಯಾಕ ಹಾಕ್ಲಿಲ್ಲ?"

"ಐದನೇದ್ರಾಗ ಮೊಣಕೈ ಇಳ್ಯಾಕತ್ತಿತ್ರಿ. ಕೋಚ್‌ಗೆ ಗೊತ್ತಾಗಿದ್ದಿಲ್ಲ. ನಾನೇ ಕೈ ಎತ್ತಿ ಕರದು, ಸಾಕ್ರಿ, ಇಳಸ್ರಿ ಅಂದೆ."

ಸಂತೆಯ ಗದ್ದಲದಲ್ಲಿ ನಾನು ಕಾಯಿಪಲ್ಲೆಯ ಚೀಲ ಕೆಳಗಿಟ್ಟು, ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಎದುರಿನ ಹೆಂಗಸು ತಕ್ಕಡಿ ಹಿಡಿದು ಕಾಯುತ್ತಿದ್ದಳು.

"ಮೇಡಂ, ಕೇಳ್ತದೇನ್ರಿ?"

"ಕೇಳ್ತದಪ್ಪ. ಕೈ ಹೆಂಗೈತಿ ಈಗ?"

"ಆರಾಮೈತ್ರಿ," ಎಂದ. "ಎರಡು ದಿನ ಬಿಟ್ರ ಮತ್ತ ಹಾಕಾಕ ಬರ್ತದ."